ಚೆಂಡು ಹೊಡೆಯುವ ಅಳಿಯ

ನನ್ನನ್ನು ನೋಡಲು ಬೆಳಗಾವಿಯಿಂದ ಗಂಡಿನವರು ಬರುವ ಹೊತ್ತಿಗೆ, ಹುಡುಗ ಗಲ್ಫ್‌ನಲ್ಲಿದ್ದಾನೆಂದು ಅಪ್ಪ ಖಾನಾಪುರಕ್ಕೆಲ್ಲ ಹೇಳಿಯಾಗಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಯಾರದೋ ಮಗ ದುಬೈಗೆ ಹೋದರೆ ಇಡೀ ಓಣಿ ಬೀಗುತ್ತಿತ್ತು.

ಚಹಾ ಆದ ಮೇಲೆ ಅಪ್ಪ ಹುಡುಗನನ್ನು ಕೇಳಿದರು, "ಸೂಟಿ ಎಂದ ಮುಗಿತೈತ್ರಿ?"

"ನನಗ ಸೂಟಿ ಎಲ್ಲೀದ್ರಿ? ದಿನಾ ಮುಂಜಾನಿ ಮಿಲಿಟರಿ ಕ್ಯಾಂಪಿನ ಮೈದಾನದಾಗ ಆಡತೇನ್ರಿ."

ಮಧ್ಯಸ್ಥರು ಹೇಳಿದ್ದು ಗಾಲ್ಫ್. ನಮ್ಮ ಹಂಚಿನ ಕಾರ್ಖಾನೆಯ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಿದ್ದು ಗಲ್ಫ್. ಅಪ್ಪ ಖಾಲಿ ಕಪ್ಪನ್ನೇ ಮತ್ತೆ ತುಟಿಗಿಟ್ಟರು. ಅಜ್ಜಿ ಅಷ್ಟಕ್ಕೆ ಬಿಡುವವಳಲ್ಲ.

"ಆಡಿದರ ಹೊಟ್ಟಿ ತುಂಬತೈತೇನೊ ತಮ್ಮಾ?"

"ಗೆದ್ದರ ತುಂಬತೈತ್ರಿ ಅಜ್ಜಿ."

"ಸೋತರ?"

"ಮರುದಿನ ಮತ್ತ ಆಡತೇನ್ರಿ."

ಬಾಗಿಲ ಹಿಂದೆ ನನಗೆ ನಗು ಬಂತು. ಆ ನಗುವನ್ನೇ ಅಜ್ಜಿ ನನ್ನ ಒಪ್ಪಿಗೆ ಎಂದು ಹಿಡಿದಳು.

ಚಿಕ್ಕಂದಿನಲ್ಲಿ ನಮ್ಮ ಯಜಮಾನರು ಕ್ಯಾಂಪಿನ ಅಧಿಕಾರಿಗಳ ಗಾಲ್ಫ್ ಕೋಲುಗಳ ಚೀಲ ಹೊರುತ್ತಿದ್ದರು. ಪೇರಲ ಗಿಡದ ಕೋಲಿನಿಂದ ಆಟ ಕಲಿತು, ಅದನ್ನೇ ಉದ್ಯೋಗ ಮಾಡಿಕೊಂಡರು. ಹಾಗೆ ಮಾಡಿದವರು ಆಗ ದೇಶದಲ್ಲೇ ವಿರಳ. ಮದುವೆಯಾದ ಮೇಲೆ ಕೋಲುಗಳ ಚೀಲ ಹೊತ್ತು ರೈಲು ಹತ್ತಿದರೆ ವಾರಗಟ್ಟಲೆ ಪತ್ತೆಯಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಬರುತ್ತಿತ್ತು. ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತಿದ್ದರು. ನಾನು ಎರಡೆರಡು ಸಲ ಕೇಳಬೇಕಾಗುತ್ತಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ಕಲಕತ್ತೆಯಲ್ಲಿ ದೊಡ್ಡ ಪಂದ್ಯ ಗೆದ್ದು ಚಾಂಪಿಯನ್ ಆದರು. ಅಪ್ಪ ಕಾರ್ಖಾನೆಯ ಅಂಗಳದಲ್ಲಿ ಜನ ಸೇರಿಸಿ ಶಾಲು ಹೊದಿಸಿದರು. ಒಂದು ಹೊಡೆತ ತೋರಿಸಲೇಬೇಕೆಂದು ಎಲ್ಲರ ಹಟ. ದೇಶವನ್ನೇ ಗೆದ್ದವರ ಕೋಲು ಮಾವನ ಮನೆಯ ಅಂಗಳದಲ್ಲಿ ನೆಲಕ್ಕೆ ಬಡಿಯಿತು. ಚೆಂಡು ಮೂರು ಮಾರು ಉರುಳಿ, ಒಣಗಲು ಇಟ್ಟ ಹಸಿ ಹಂಚಿನಲ್ಲಿ ಹೂತುಕೊಂಡಿತು.

ಅಪ್ಪ ಚೆಂಡನ್ನು ಧೋತರದಲ್ಲಿ ಒರೆಸಿ ಮತ್ತೆ ಇಟ್ಟರು. "ಅಳಿಯಾರ, ಗಾಬರಿ ಆಗಬ್ಯಾಡ್ರಿ. ಇಲ್ಲಿ ಎಲ್ಲಾರೂ ನಮ್ಮವರ."

ಎರಡನೆಯ ಹೊಡೆತಕ್ಕೆ ಚೆಂಡು ಕಾರ್ಖಾನೆಯ ಹಿಂದಿನ ಮಲಪ್ರಭೆ ಹೊಳೆಯನ್ನೇ ದಾಟಿಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕತ್ತೆತ್ತಿ ಅದು ಬೀಳುವುದನ್ನೇ ಕಾಯುತ್ತಿದ್ದರು.

"ಇನ್ನ ಅದನ್ನ ತರಾಕ ಯಾರ ಹೋಗಬೇಕು?" ಎಂದಳು ಅಜ್ಜಿ.

ಕೆಲವು ವರ್ಷಗಳಲ್ಲಿ ಅವರ ಭುಜ ಕೈಕೊಟ್ಟಿತು. ಪಂದ್ಯ ಬಿಟ್ಟು ಬೇರೆಯವರಿಗೆ ಕಲಿಸತೊಡಗಿದರು. ಆ ಕಾಲದಲ್ಲಿ ಹಣಕ್ಕಾಗಿ ಆಡುವವರನ್ನು ಕ್ಲಬ್ಬುಗಳ ಒಳಗೆ ಕೂರಿಸುವ ವಾಡಿಕೆ ಇರಲಿಲ್ಲ. ಚಾಂಪಿಯನ್ ಆದಾಗಲೂ ಇವರ ಊಟ ಹೊರಗಿನ ಮರದಡಿಯೇ. ಒಂದು ಸಂಜೆ ಅಂಥ ಒಂದು ಕ್ಲಬ್ಬಿನವರು ಚಹಾಕ್ಕೆ ಒಳಗೆ ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದವರು ಬಹಳ ಬೇಗ ಮರಳಿದರು.

"ಹೆಂಗಿತ್ರಿ?" ಎಂದೆ.

"ಖುರ್ಚಿ ಭಾಳ ಮೆತ್ತಗ. ಎದ್ದು ಬರೂದ ತ್ರಾಸ ಆತು."

ಮನೆಗೆ ಬಂದೊಡನೆ ಅಂಗಿ ಕಳಚುವವರು, ಆ ಅಂಗಿಯನ್ನು ಮಾತ್ರ ಊಟ ಮುಗಿಯುವವರೆಗೂ ಬಿಚ್ಚಲಿಲ್ಲ. ಸಾರು ಚೆಲ್ಲೀತೆಂದು ನಾನೇ ಅವರ ಎದೆಗೊಂದು ಟವೆಲ್ ಕಟ್ಟಿದೆ.