ಹುಳುಮನೆಯ ಹೊಸ್ತಿಲಾಚೆ

ಅಣ್ಣಾ, ಅತ್ತಿಗೆ ಬರಿಯ ಜ್ವರದಿಂದ ಸಾಯಲಿಲ್ಲ. ಬಸಿರು ತೆಗೆಸಿಕೊಂಡು ಸತ್ತಳು. ಅದು ನನಗೆ ಗೊತ್ತಿತ್ತು — ಅವಳು ಹಿತ್ತಿಲ ಜಗಲಿಯಲ್ಲಿ ಮುದುಡಿ ಕೂತಿದ್ದ ಆ ಮೂರು ದಿನವೂ ಗೊತ್ತಿತ್ತು.

ಅದು ರೇಷ್ಮೆಹುಳು ಹಣ್ಣಾಗಿ ಗೂಡಿಗೆ ಏರುವ ವಾರ. ನೀನು ಹುಳುಮನೆಯೊಳಗಿದ್ದೆ. ಹೊರಗಾದ ಹೆಂಗಸನ್ನು ಮುಟ್ಟಿ ಒಳಗೆ ಕಾಲಿಟ್ಟರೆ ಬೆಳೆಯೇ ಹೋಗುತ್ತದೆಂದು ಮೇಲೂರಿನಲ್ಲಿ ಎಲ್ಲರೂ ನಂಬುವಂತೆ ನೀನೂ ನಂಬಿದ್ದೆ. "ಎರಡು ತಿಂಗಳಾದ್ಮೇಲೆ ಹೊರಗಾಗವ್ಳೆ, ಕೈಗೂಸಿನ ತಾಯಲ್ವಾ, ಹಂಗೇ," ಎಂದು ಅಮ್ಮ ದೂರದಿಂದಲೇ ಗಂಜಿ ಇಟ್ಟಳು. ಈಗ ನೀನು ಹುಳು ಸಾಕುವುದನ್ನೇ ಬಿಟ್ಟಿದ್ದೀಯ. ಹೊಸ್ತಿಲು ದಾಟಿ ಒಮ್ಮೆ ಅವಳ ಹಣೆ ಮುಟ್ಟಿದ್ದರೆ — ಎಂದು ಮೂರು ವರ್ಷದಿಂದ ನಿನ್ನನ್ನೇ ತಿನ್ನುತ್ತಿದ್ದೀಯ. ನಿನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು.

ಮೊದಲಿನಿಂದ ಹೇಳುತ್ತೇನೆ. ಅರವತ್ತಾರನೇ ಇಸವಿಯ ಯುಗಾದಿಯ ರಜೆಯಲ್ಲಿ ನರ್ಸಮ್ಮ ಒಬ್ಬರು ನಮ್ಮೂರ ಶಾಲೆಯ ಜಗಲಿಗೆ ಬಂದಿದ್ದರು. ಇನ್ನು ಮಕ್ಕಳು ಬೇಡವೆನ್ನುವವರು ಹೆಸರು ಬರೆಸಿದರೆ ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಬಸಿರಾಗದಂತೆ ವಂಕಿ ಹಾಕುತ್ತಾರೆಂದು ಮನೆಮನೆಗೆ ಸುದ್ದಿ ಮುಟ್ಟಿತ್ತು. ನಾಲ್ಕು ಹೆತ್ತಿದ್ದ ಅತ್ತಿಗೆ ಸೊಪ್ಪು ಕತ್ತರಿಸುತ್ತ, ಮಾತಿಗೆಲ್ಲ ವಾದ ಹೂಡುತ್ತಿದ್ದ ನನ್ನನ್ನು ಕರೆದಳು. "ಲಾಯರಪ್ಪ, ನಾನು ಹೋದ್ರೆ ನಿಮ್ಮಮ್ಮಂಗೆ ಗೊತ್ತಾಗುತ್ತೆ. ನೀನೇ ನನ್ನ ಹೆಸರು ಬರ್ಸಿಬಿಡಪ್ಪ."

ಹೋದೆ. ಜಗಲಿಯ ಕೆಳಗೆ ನನ್ನ ಓರಗೆಯವರು ನಾಲ್ಕು ಜನ ನಗುತ್ತ ನಿಂತಿದ್ದರು. ನರ್ಸಮ್ಮ ತಲೆಯೆತ್ತಿ, ನಿಮ್ಮ ಮನೆಯಿಂದ ಯಾರಾದರೂ ಇದ್ದಾರಾ ಎಂದು ಕೇಳಿದರು. "ಯಾರೂ ಇಲ್ಲ" ಎಂದೆ. ಮನೆಗೆ ಬಂದು ಅತ್ತಿಗೆಗೆ, ಬರೆಸಿದೆ, ಅವರೇ ಹೇಳಿಕಳಿಸುತ್ತಾರೆ ಎಂದೆ. ಅವಳು ಕಾದಳು. ನಂಬಿ ಕಾದಳು.

ಇತ್ತ ಕೆಲವು ತಿಂಗಳ ಮೇಲೆ ಚಿಕ್ಕಬಳ್ಳಾಪುರದ ನನ್ನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ: ಗರ್ಭಪಾತ ತಡೆಯಲು ಕಠಿಣ ಕಾನೂನೊಂದೇ ಸಾಕೆ? ಸಾಕು ಎಂದು ವಾದಿಸಿದೆ. ದಂಡಸಂಹಿತೆಯ ಕಲಮನ್ನು ಬಾಯಿಪಾಠ ಹೇಳಿದೆ. ಭಯವೇ ಬೇಲಿ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಬಹುಮಾನದ ಬಟ್ಟಲನ್ನು ಮನೆಗೆ ತಂದ ದಿನವೇ ಅತ್ತಿಗೆ ಜಗಲಿಯಲ್ಲಿದ್ದಳು.

ಹತ್ತಿರ ಕರೆದು ಎಲ್ಲ ಹೇಳಿದಳು. ಪಕ್ಕದೂರಿನ ಸೂಲಗಿತ್ತಿಯ ಹತ್ತಿರ ಹೋಗಿದ್ದಳಂತೆ, ರಕ್ತ ನಿಲ್ಲುತ್ತಿಲ್ಲವಂತೆ. ವಾದ ಮಾಡೋಕೆ ಅಷ್ಟುದ್ದ ನಾಲಿಗೆ, ಒಂದು ಹೆಸರು ಹೇಳೋಕೆ ಬಿದ್ದೋಗಿತ್ತಾ ಎಂದು ನಕ್ಕಳು — ನಾನು ಹೆಸರು ಬರೆಸಿರಲಿಲ್ಲವೆಂಬುದೂ ಅವಳಿಗೆ ತಿಳಿದುಹೋಗಿತ್ತು. ಆಮೇಲೆ ಕೇಳಿದಳು: "ಆಸ್ಪತ್ರೆಗೆ ಹೋಗಣವಾ, ಲಾಯರಪ್ಪ?"

"ಹೋದ್ರೆ ಕೇಸಾಗುತ್ತೆ ಅತ್ತಿಗೆ. ನಿನ್ನನ್ನೂ ಹಿಡೀತಾರೆ."

ನಾನು ಹೇಳಿದ್ದು ಅಷ್ಟೇ. ಅವಳು ಮತ್ತೆ ಕೇಳಲಿಲ್ಲ. ಹುಳುಮನೆಯ ಮೈಲಿಗೆ ಸುಳ್ಳೆಂದು ಹಾಸ್ಟೆಲಿನಲ್ಲಿ ಗಂಟೆಗಟ್ಟಲೆ ವಾದಿಸುತ್ತಿದ್ದವನು ನಾನು. ಆ ಮೂರು ದಿನ ಅದೇ ಮೈಲಿಗೆಯ ಹಿಂದೆ ಅಡಗಿ ಕೂತೆ. ಜ್ವರ ಏರಿತು. ನಾಲ್ಕನೆಯ ಬೆಳಿಗ್ಗೆ —

ಆ ಭಾಷಣವನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಕಾನೂನು ಏನನ್ನು ತಡೆಯಿತು? ಬಸಿರನ್ನಲ್ಲ. ಸೂಲಗಿತ್ತಿಯನ್ನೂ ಅಲ್ಲ, ಅತ್ತಿಗೆ ಹಾಡುಹಗಲೇ ಸೊಪ್ಪಿನ ಬುಟ್ಟಿ ಹೊತ್ತು ಹೋಗಿದ್ದಳು. ಅದು ತಡೆದದ್ದು ಆಸ್ಪತ್ರೆಯ ದಾರಿಯೊಂದನ್ನೇ, ಅದೂ ನನ್ನ ಬಾಯಿಂದ. ಬಸಿರನ್ನೇ ತಡೆಯಬಹುದಾಗಿದ್ದದ್ದು ನರ್ಸಮ್ಮನ ಪಟ್ಟಿಯಲ್ಲಿ ಒಂದು ಹೆಸರು. ವಂಕಿ ಹಾಕಿಸಿದ್ದರೂ ಬಸಿರಾಗಬಹುದಿತ್ತಲ್ಲ ಎಂದು ಎದುರು ಪಕ್ಷದವರು ಕೇಳಬಹುದು. ಆಗಬಹುದಿತ್ತು. ಆದರೆ ಆ ಅನುಮಾನದ ಲಾಭ ಅವಳಿಗೆ ಸಲ್ಲಬೇಕಿತ್ತು, ನನಗಲ್ಲ.

ಅಣ್ಣಾ, ನಿನಗೆ ಓದಲು ಬಾರದು. ಇದನ್ನು ಅಂಚೆಗೆ ಹಾಕಿದರೆ ಬೇರೆ ಯಾರೋ ಓದಿ ಹೇಳುತ್ತಾರೆ — ಮತ್ತೆ ನಾನು ತಪ್ಪಿಸಿಕೊಳ್ಳುತ್ತೇನೆ. ಹಾಗಾಗಿ ಈ ಭಾನುವಾರ ನಾನೇ ಬರುತ್ತೇನೆ. ಹಿತ್ತಿಲ ಜಗಲಿಯಲ್ಲಿ, ಅವಳು ಕೂತಿದ್ದಲ್ಲೇ ಕೂತು ಓದುತ್ತೇನೆ. ಓದಿ ಮುಗಿಸಿದ ಮೇಲೆ ನೀನು ಏನು ಕೇಳಿದರೂ ವಾದ ಮಾಡುವುದಿಲ್ಲ.