ತಾನೇ ನುಡಿದ ತಂಬೂರಿ

ಹೋದ ವಾರ ಗ್ರೇಟರ್ ನೋಯ್ಡಾದ ಒಂದು ಫ್ಲ್ಯಾಟಿಗೆ ಹೋಮ್ ಥಿಯೇಟರ್ ಕೋಣೆ ನೋಡಲು ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಫೋಮ್ ಅಂಟಿಸುವ ಗೋಂದಿನ ಘಾಟು ಮೂಗಿಗೆ ಬಡಿಯಿತು. ನನ್ನನ್ನು ಕರೆಯುವ ಮೊದಲೇ ಗೋಡೆಗೆಲ್ಲ ಕಪ್ಪು ಫೋಮ್ ಅಂಟಿಸಿ ಮುಗಿಸಿದ್ದರು. ಆ ಘಾಟಿಗೆ ಡೆಲ್ಲಿಯ ರೋಹಿಣಿ ಬಡಾವಣೆಯ ಸಂಗೀತದ ಟೀಚರ್ ನೆನಪಾದರು. ಜೊತೆಗೆ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸ್ಪೀಕರ್ ಅಂಗಡಿಯೊಂದರಲ್ಲಿ ನನಗೆ ಕೆಲಸ. ಗಿರಾಕಿಗಳ ಮನೆಗೆ ಹೋಗಿ ಯಾವ ಸ್ಪೀಕರ್ ಎಲ್ಲಿರಬೇಕು, ಸದ್ದನ್ನು ಎಲ್ಲಿ ನುಂಗಿಸಬೇಕು, ಎಲ್ಲಿ ತಡೆಯಬೇಕು ಎಂದು ನಕ್ಷೆ ಹಾಕಿಕೊಡುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆದು ಓದಿಸಿದ ಡಿಗ್ರಿ ಅದು. ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ.

ನಾನಿದ್ದದ್ದು ಮೇಲಿನ ಮಹಡಿಯ ಬಾಡಿಗೆ ಕೋಣೆಯಲ್ಲಿ. ನನ್ನ ಕೆಳಗಿನ ಮನೆ ಟೀಚರದು, ಅವರದೂ ಬಾಡಿಗೆಯೇ. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದ ಯಜಮಾನರು ತೀರಿಕೊಂಡ ಮೇಲೂ ಡೆಲ್ಲಿ ಬಿಟ್ಟಿರಲಿಲ್ಲ. ಸಂಜೆಯಾದರೆ ಸುತ್ತಲಿನ ಕನ್ನಡದವರ ಮಕ್ಕಳು ಚಾಪೆ ಹಾಸಿ ಕೂತು ಸರಳೆ ವರಸೆ ಹಾಡುತ್ತಿದ್ದರು. ಮನೆಯಲ್ಲಿ ಹಿಂದಿ ಆಡುವ ಮಕ್ಕಳು ಅಲ್ಲಿ ಮಾತ್ರ ಕನ್ನಡ ಆಡುತ್ತಿದ್ದವು. ಆ ಕ್ಲಾಸೇ ಟೀಚರ ಉಸಿರು… ನನ್ನನ್ನು "ಏನಪ್ಪಾ ಇಂಜಿನಿಯರ್" ಎಂದು ಕರೆದು ತಟ್ಟೆಗೆ ಉಪ್ಪಿಟ್ಟು ಹಾಕುತ್ತಿದ್ದರು.

ಟೀಚರ ಕೆಳಗಿನ ಮನೆಯ ಸಾಹೇಬರು ನಮ್ಮ ಅಂಗಡಿಯಲ್ಲೇ ಹೋಮ್ ಥಿಯೇಟರ್ ಕೊಂಡರು. ನಕ್ಷೆ ನನ್ನದು. ಛಾವಣಿಗೆ ರಬ್ಬರ್ ಕೊಂಡಿಗಳಿಂದ ತೂಗುವ ಎರಡು ಪದರದ ಜಿಪ್ಸಮ್ ಹಲಗೆ, ಗುಡುಗುವ ದೊಡ್ಡ ಡಬ್ಬ, ಅಂದರೆ ಸಬ್ ವೂಫರ್, ಅದರ ಕೆಳಗೆ ದಪ್ಪ ಮೆತ್ತೆ. ಅದನ್ನು ಮೂಲೆಗೆ ಇಡಬೇಡಿ ಎಂದೂ ಬರೆದಿದ್ದೆ. ಸಾಹೇಬರಿಗೆ ಛಾವಣಿಯಲ್ಲಿ ನಕ್ಷತ್ರದ ದೀಪಗಳು ಬೇಕಿತ್ತು. ಹಲಗೆ ಹಾಕಿದರೆ ಎತ್ತರ ಕಡಿಮೆಯಾಗುತ್ತದಂತೆ. "ಅರೇ, ಗೋಡೆಗೆ ಫೋಮ್ ಹಾಕ್ತೀವಲ್ಲ, ಸೌಂಡ್‌ಪ್ರೂಫ್ ಆಯ್ತು" ಎಂದರು. ಫೋಮ್ ಕೋಣೆಯೊಳಗಿನ ಮಾರ್ದನಿಯನ್ನು ನುಂಗುತ್ತದೆ, ಹೊರಹೋಗುವ ಸದ್ದನ್ನಲ್ಲ ಎಂದು ಬಾಯಿ ನೋಯುವಷ್ಟು ಹೇಳಿದೆ. ಕೇಳಲಿಲ್ಲ.

ಡಬ್ಬ ಮೂಲೆಗೇ ಹೋಯಿತು. ಮೊದಲ ಸಂಜೆಯೇ ಟೀಚರ ಮನೆಯ ನೆಲ ನಡುಗಿತು. "ಟೀಚರ್, ಕೆಳಗೆ ಭೂಕಂಪ ಆಗ್ತಿದೆ ಕ್ಯಾ?" ಎಂದಿತು ಒಂದು ಮಗು. ಗೋಡೆಗೆ ಒರಗಿಸಿಟ್ಟ ತಂಬೂರಿ, ಯಾರೂ ಮುಟ್ಟದೆ, ತಾನೇ ಗುಂಯ್ ಎನ್ನತೊಡಗಿತು. ಟೀಚರ್ ಉಪ್ಪಿಟ್ಟಿಗೆ ಬಂದು ಕೂತಿದ್ದ ನನ್ನ ಕಡೆ ತಿರುಗಿ, "ನೋಡಪ್ಪಾ, ನಿಮ್ಮ ಡಬ್ಬ ನನ್ನ ತಂಬೂರಿ ನುಡಿಸ್ತಿದೆ. ಶ್ರುತಿ ಮಾತ್ರ ಕಲಿತಿಲ್ಲ" ಎಂದು ನಕ್ಕರು.

ನಗು ಅಷ್ಟಕ್ಕೇ ಮುಗಿಯಿತು. ದೂರು ಕೊಟ್ಟವರು ಟೀಚರಲ್ಲ, ಸಾಹೇಬರು! ಅಷ್ಟು ವರ್ಷ ಅವರಿಗೆ ಕೇಳಿಸದ ಹಾಡು ಈಗ ಕೇಳಿಸುತ್ತಿತ್ತು. ಫೋಮ್ ಹಾಕಿ ಕೋಣೆ ನಿಶ್ಶಬ್ದವಾದರೆ ಹೊರಗಿನ ಸಣ್ಣ ದನಿಯೂ ಎದ್ದು ಕೇಳಿಸುತ್ತದೆ. ಸಿನಿಮಾದ ಮೆಲುಮಾತಿನ ನಡುವೆ ಮಕ್ಕಳ ಸರಿಗಮ ಅವರಿಗೆ ಚುಚ್ಚಿತು. ಕ್ಲಾಸು ನಿಲ್ಲಿಸಬೇಕೆಂದು ಕಟ್ಟಡದ ನಿವಾಸಿಗಳ ಸೊಸೈಟಿ ಮೀಟಿಂಗ್ ಕರೆಸಿದರು.

ನಾನು ನಕ್ಷೆ ಹಿಡಿದು ಹೋದೆ. ತಪ್ಪು ಛಾವಣಿಯದು, ಹಲಗೆ ಹಾಕಿಸಿದರೆ ಇಬ್ಬರಿಗೂ ನೆಮ್ಮದಿ ಎಂದೆ. ಸಾಹೇಬರು ನಕ್ಷೆಯತ್ತ ಕಣ್ಣೂ ಹಾಯಿಸಲಿಲ್ಲ. "ಭಯ್ಯಾ, ನೀನು ತಂತಿ ಜೋಡಿಸೋನು. ಅಷ್ಟೇ ಮಾಡು." ಡೆಲ್ಲಿಯಲ್ಲಿ ಆಟೋದವರನ್ನು, ತರಕಾರಿಯವರನ್ನು ಕರೆಯುವ ಭಯ್ಯಾ ಅದು. ಎಲ್ಲರೂ ನಕ್ಕರು.

ಆಗ ಟೀಚರ್ ಎದ್ದು ನಿಂತರು. ಕ್ಲಾಸಿನ ಪರವಾಗಿ ಮಾತಾಡುತ್ತಾರೆಂದುಕೊಂಡೆ. ಅವರ ದಕ್ಷಿಣದ ಹಿಂದಿಯಲ್ಲಿ, ನಿಧಾನವಾಗಿ ಹೇಳಿದರು: "ಈ ಹುಡುಗನ ಅಪ್ಪ ಕಲ್ಲು ಒಡೆದು ಓದಿಸಿದ್ದಾರೆ. ಇವನು ಇಂಜಿನಿಯರ್. ಭಯ್ಯಾ ಅನ್ನಬೇಡಿ." ಹೇಳಿ ಕೂತುಬಿಟ್ಟರು. ಮಾತಾಡಲು ಅವರಿಗೆ ಸಿಕ್ಕಿದ್ದು ಅದೊಂದೇ ಸರದಿ. ಅದನ್ನು ನನಗೆ ಕೊಟ್ಟುಬಿಟ್ಟರು…

ಮನೆಯಲ್ಲಿ ವ್ಯಾಪಾರ ನಡೆಸುತ್ತಾರೆ ಎಂದು ಸೊಸೈಟಿ ಅವರ ಮನೆ ಮಾಲೀಕರಿಗೆ ಹೇಳಿತು. ವ್ಯಾಪಾರವಂತೆ! ಮಕ್ಕಳ ಮನೆಯವರು ತಂದಿಡುತ್ತಿದ್ದ ಹಣ್ಣು, ಹೂವು ವ್ಯಾಪಾರ. ಮಾಲೀಕ ಮನೆ ಬಿಡಿಸಿದ. ನೆಲ ನಡುಗಿಸಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಪುಣೆಯ ತಂಗಿಯ ಮನೆಗೆ ಹೊರಟ ದಿನ ತಂಬೂರಿಗೆ ರಜಾಯಿ ಸುತ್ತಿ ನಾನೇ ಟೆಂಪೊಗೆ ಹತ್ತಿಸಿದೆ. "ಅಲ್ಲಿ ಗ್ರೌಂಡ್ ಫ್ಲೋರ್ ಅಂತೆ ಕಣಪ್ಪಾ. ಭೂಮಿತಾಯಿ ಥಿಯೇಟರ್ ಕಟ್ಟಿಸಲ್ಲ ಬಿಡು" ಎಂದರು. ನನಗೆ ನಗು ಬರಲಿಲ್ಲ. ಅಲ್ಲಿ ಅವರು ಮತ್ತೆ ಕ್ಲಾಸು ಶುರುಮಾಡಲೇ ಇಲ್ಲವಂತೆ. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ.

ಗ್ರೇಟರ್ ನೋಯ್ಡಾದ ಗಿರಾಕಿಯನ್ನು ಮೊದಲು ಕೇಳಿದ್ದು ಒಂದೇ: ಮೇಲಿನ ಮನೆಯಲ್ಲಿ ಯಾರಿದ್ದಾರೆ? "ಅದ್ಯಾಕೆ ಸರ್? ಫೋಮ್ ಹಾಕಿದೆಯಲ್ಲ, ಸೌಂಡ್‌ಪ್ರೂಫ್" ಎಂದ. ಅದೇ ಮಾತು. ಅಳತೆಯ ಟೇಪು ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದೆ. ಬೆಲ್ ಒತ್ತಿದೆ. ಒಳಗೆ ಕುಕ್ಕರ್ ಕೂಗುತ್ತಿತ್ತು. ಬಾಗಿಲು ತೆಗೆಯುವವರು ಟೀಚರ್ ಅಲ್ಲ, ಗೊತ್ತು… ಆದರೂ ಕೇಳಬೇಕಿತ್ತು: ನಿಮ್ಮ ಕೆಳಗೆ ಥಿಯೇಟರ್ ಕಟ್ಟುತ್ತಿದ್ದಾರೆ, ನಿಮ್ಮನ್ನು ಯಾರಾದರೂ ಒಂದು ಮಾತು ಕೇಳಿದರೇ?