ಹೊಗೆ ಬಂದಾಗ ಹಾಡು ನಿಂತಿತ್ತಾ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ಒಂದು ಬಾಡಿಗೆ ಕಾರು ಬಾಗಿಲು ತೆರೆದುಕೊಂಡು ನಿಂತಿದೆ. ಮುಂದಿನ ಸೀಟು ಕಳಚಿ ಹೊರಗಿಟ್ಟಾಗಿದೆ. ಆ ಜಾಗದಲ್ಲಿ ಗೋಣಿತಟ್ಟು ಹಾಸಿ, ಅಂಗಾತ ಮಲಗಿ, ಸುಟ್ಟ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿರುವ ಹೆಂಗಸಿನ ಕಾಲುಗಳಷ್ಟೇ ಕಾಣುತ್ತವೆ. ಒಳಗಿನಿಂದ ಮೊದಲು ಕೆಮ್ಮು ಬರುತ್ತದೆ, ಆಮೇಲೆ ಪ್ರಶ್ನೆ.

"ಹೊಗೆ ಬಂದಾಗ ಹಾಡು ನಿಂತಿತ್ತಾ?"

"ನೆನಪಿಲ್ಲ ಅಕ್ಕ," ಎನ್ನುತ್ತಾನೆ ಹೊರಗೆ ನಿಂತ ಚಾಲಕ. "ಜೀವ ಉಳಿದ್ರೆ ಸಾಕಾಗಿತ್ತು. ಹಾಡು ಯಾರಿಗೆ ಬೇಕು?"

"ಸರಿ, ಕೂತ್ಕೊಳ್ಳಿ. ನೆನಪಾದಾಗ ಹೇಳಿ."

ಇವರ ನಿಜವಾದ ಹೆಸರು ಈ ಬೀದಿಯಲ್ಲಿ ಯಾರಿಗೂ ಬೇಕಾಗಿಲ್ಲ. ಎಲ್ಲರಿಗೂ ಇವರು ವೈರಕ್ಕ. ಪ್ರಾಯದಲ್ಲಿ, ಹೊಸ ಕಾರುಗಳಿಗೆ ವೈರಿನ ಜಡೆ ಹೆಣೆಯುವ ಕಾರ್ಖಾನೆಯಲ್ಲಿ ನಿಂತೇ ದುಡಿದವರು. ಕಾರ್ಖಾನೆಗೆ ಬೀಗ ಬಿದ್ದಾಗ ಜೊತೆಯವರೆಲ್ಲ ಬೇರೆ ದಾರಿ ಹಿಡಿದರು. ಇವರು ಇದೇ ಶೆಡ್ಡಿನ ಒಂದು ಮೂಲೆ ಹಿಡಿದರು. ಅಂದು ಹೆಣೆದದ್ದನ್ನು ಇಂದು ಸುಟ್ಟ ಮೇಲೆ ಬಿಚ್ಚುವುದು, ಅಷ್ಟೇ ವ್ಯತ್ಯಾಸ. ದಿನಕ್ಕೆ ಎರಡೋ ಮೂರೋ ಗಾಡಿ. ಒಂದೊಂದು ವಾರ ಬರೀ ಹೊಗೆ ಕುಡಿದವೇ ಬರುತ್ತವೆ.

ಮೈ ಈಗ ಮಾತು ಕೇಳುತ್ತಿಲ್ಲ. ಕತ್ತು ಒಂದೇ ಕಡೆ ತಿರುಗುತ್ತದೆ. ಸೂಕ್ಷ್ಮ ಕೆಲಸಕ್ಕೆ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎಷ್ಟು ಸೋಪು ಹಾಕಿ ತಿಕ್ಕಿದರೂ ಕೂದಲು ಬಿಟ್ಟು ಹೋಗುವುದಿಲ್ಲ. ಜೊತೆಗಿರುವ ಅವರ ಅಕ್ಕ ಬಾಗಿಲಲ್ಲೇ ಮೂಸಿ ನೋಡಿ, "ಇವತ್ತು ಕೆಂಪು ವೈರೋ, ಹಳದಿ ವೈರೋ?" ಎಂದು ಛೇಡಿಸುತ್ತಾರಂತೆ. ನಗುವುದಕ್ಕೂ ತ್ರಾಣವಿಲ್ಲದ ದಿನ ವೈರಕ್ಕ ಸುಮ್ಮನೆ ಹೋಗಿ ಗೋಡೆಗೆ ಒರಗುತ್ತಾರೆ.

ಆದರೆ ಅವರನ್ನು ನಿಜವಾಗಿ ದಣಿಸುವುದು ಕೆಲಸವಲ್ಲ. "ಬೆಂಕಿ ಎಲ್ಲಿಂದ ಬಂತು ಅಂತ ಕೇಳೋಕೆ ಯಾರೂ ಬರಲ್ಲ," ಎನ್ನುತ್ತಾರೆ ಅವರು ಕಾಲು ಚಾಚಿ ಎದ್ದು ಕೂರುತ್ತಾ. "ತಪ್ಪು ಯಾರದು ಅಂತ ಮನೇಲೇ ತೀರ್ಮಾನ ಮಾಡ್ಕೊಂಡು ಬರ್ತಾರೆ. ನಾನು ಹೂಂ ಅಂದ್ರೆ ಸಾಕು ಅವರಿಗೆ."

ಈ ಕಾರಿನ ಕಥೆಯೂ ಅದೇ. ಚಾಲಕ ಮೊನ್ನೆ ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದಿದೆ. ಇಬ್ಬರೂ ಕೂದಲೆಳೆಯಲ್ಲಿ ಪಾರು. ಒಳಗಿದ್ದ ಹಾಡಿನ ಪೆಟ್ಟಿಗೆ ಹೆಂಡತಿಯ ತಮ್ಮ ತನ್ನ ಮೊದಲ ದುಡಿಮೆಯಲ್ಲಿ ತಂದು, ತಾನೇ ಜೋಡಿಸಿಕೊಟ್ಟ ಉಡುಗೊರೆ. "ನನ್ನ ಹೆಂಡ್ತೀನ ಸುಡೋಕೆ ನೋಡಿದವನು ನನ್ನ ಹೊಸಿಲು ತುಳೀಬಾರದು" ಎಂದು ಚಾಲಕ ಅಂದೇ ಬಾಮೈದನಿಗೆ ಹೇಳಿಬಿಟ್ಟಿದ್ದಾನೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದ ಹೆಂಡತಿ ಅಂದಿನಿಂದ ಗಂಡನ ಜೊತೆ ಮಾತಾಡಿಲ್ಲ. ಈಗಲೂ ಶೆಡ್ಡಿನ ಬಾಗಿಲಾಚೆ ಒಬ್ಬಳೇ ನಿಂತಿದ್ದಾಳೆ.

ಬಿಸಿಲೇರುವ ಹೊತ್ತಿಗೆ ವೈರಕ್ಕ ಎರಡು ತುಂಡು ವೈರು ಹಿಡಿದು ಹೊರಬರುತ್ತಾರೆ. ಮೇಲುನೋಟಕ್ಕೆ ಎರಡೂ ಕಪ್ಪಿದ್ದಿಲು. ಚಾಲಕನ ಎದುರು ಒಂದರ ಸಿಪ್ಪೆ ಎಳೆಯುತ್ತಾರೆ. ಬರುವುದಿಲ್ಲ, ತಾಮ್ರಕ್ಕೆ ಕಚ್ಚಿಕೊಂಡಿದೆ. ಕತ್ತರಿಸಿದರೆ ಒಳಮೈ ಇನ್ನೂ ಹೊಸದರಂತಿದೆ.

"ಇದು ಹಾಡಿನ ಪೆಟ್ಟಿಗೇದು. ಹೊರಗಿನ ಬೆಂಕಿ ತಗುಲಿ ಬೆಂದಿದೆ, ಪಾಪ."

ಇನ್ನೊಂದರ ಸಿಪ್ಪೆ ಬಳೆಯ ಹಾಗೆ ಸಡಿಲವಾಗಿ ಜಾರಿ ಬರುತ್ತದೆ. ಒಳಗೆಲ್ಲ ಕರಕಲು.

"ಇದು ತಾನೇ ಕಾದು ಒಳಗಿಂದ ಬೆಂದದ್ದು. ಎ.ಸಿ. ಗಾಳಿ ಊದೋ ಮೋಟಾರಿನ ವೈರು. ಮೋಟಾರು ಧೂಳು ಹಿಡಿದು ತಿರುಗೋಕೆ ಒದ್ದಾಡ್ತಿತ್ತು, ವಿಪರೀತ ಕರೆಂಟು ಎಳೀತಿತ್ತು. ಫ್ಯೂಸು ಪದೇ ಪದೇ ಹೋಗ್ತಿತ್ತಲ್ವಾ?"

ಚಾಲಕ ನೆಲ ನೋಡುತ್ತಾನೆ. ಹೌದು, ಹೋಗುತ್ತಿತ್ತು. ಸುಡುಬಿಸಿಲಲ್ಲಿ ಹಿಂದೆ ಕೂತವರು ಗೊಣಗುತ್ತಿದ್ದರು. ಅದಕ್ಕೆ ಅವನು, ಗಟ್ಟಿಯಾಗಿರಲಿ ಎಂದು, ಆ ಜಾಗಕ್ಕೆ ದೊಡ್ಡ ಫ್ಯೂಸು ತಂದು ಸಿಕ್ಕಿಸಿದ್ದ. ಫ್ಯೂಸು ಗಟ್ಟಿಯಾಗಿಯೇ ಇತ್ತು. ಅದು ಹೋಗಲಿಲ್ಲವೆಂದೇ ವೈರು ಹೊತ್ತಿಕೊಂಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

ಅವನು ದನಿ ತಗ್ಗಿಸಿ ಕೇಳುತ್ತಾನೆ: "ಅಕ್ಕ, ಇಲಿ ಕಡಿದಿದೆ ಅಂತ ಹೇಳಿಬಿಡಿ. ಇಲಿಗೇನು ಮಾನ ಹೋಗುತ್ತಾ?"

ವೈರಕ್ಕ ಕತ್ತು ನೀವಿಕೊಳ್ಳುತ್ತಾರೆ. ಹೂಂ ಎಂದರೆ ಮುಗಿಯಿತು, ಮನೆಗೆ ಹೋಗಿ ಕತ್ತಿಗೆ ಬಿಸಿನೀರು ಹಾಕಿಕೊಳ್ಳಬಹುದು. ಆಸೆ ಅವರ ಮುಖದಲ್ಲೇ ಕಾಣುತ್ತದೆ.

"ಬೆಟ್ಟ ಅಗೆದು ಇಲಿ ಹಿಡಿದಳು ಅಂತ ನನ್ನ ಆಡ್ಕೊಳ್ಳಲಿ, ಪರವಾಗಿಲ್ಲ," ಎನ್ನುತ್ತಾರೆ ಕೊನೆಗೆ. "ಆದ್ರೆ ಇಲಿ ಕಡಿದಿದ್ದು ಆ ಹುಡುಗ ಹಾಕಿದ ವೈರನ್ನೇ ಇರಬೇಕು ಅಂತ ನಾಳೆ ಇನ್ನೊಬ್ಬರು ಅಂತಾರೆ. ಅನುಮಾನ ಅವನ ಮೇಲೇ ಉಳಿಯುತ್ತೆ. ಇಲಿ ಅಂತ ನಾನು ಹೇಳಲ್ಲ. ನಿಜ ಏನು ಅಂತ ನೀವೇ ಹೇಳಿ. ಹೆಂಡ್ತಿ, ಬಾಮೈದ ಇಬ್ಬರನ್ನೂ ಕರೀರಿ."

ಹೆಂಡತಿ ಒಳಗೆ ಬರುತ್ತಾಳೆ. ಫೋನು ಮಾಡಿದ ಮೇಲೆ ತಮ್ಮನೂ ಬರುತ್ತಾನೆ, ಅಪರಾಧಿಯ ಹಾಗೆ ಗೋಡೆಗಂಟಿ ನಿಲ್ಲುತ್ತಾನೆ. ವೈರಕ್ಕ ಎರಡೂ ತುಂಡುಗಳನ್ನು ಹೆಂಡತಿಯ ಅಂಗೈಯಲ್ಲಿಟ್ಟು, "ಸಿಪ್ಪೆ ಎಳೆದು ನೋಡಮ್ಮ" ಎನ್ನುತ್ತಾರೆ. ಅವಳು ಎಳೆದು ನೋಡುತ್ತಾಳೆ. ತಮ್ಮನ ವೈರು ಬಿಡುವುದಿಲ್ಲ. ಚಾಲಕನ ಬಾಯಿಂದ ಮಾತು ತುಂಡುತುಂಡಾಗಿ ಹೊರಡುತ್ತದೆ: "ದೊಡ್ಡ ಫ್ಯೂಸು ಹಾಕಿದ್ದು ನಾನು. ತಪ್ಪು ನಂದೇ ಕಣೋ."

ಹೆಂಡತಿ ಆ ಬಿಡದ ತುಂಡನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅತ್ತುಬಿಡುತ್ತಾಳೆ. ತಮ್ಮ ಒಂದೇ ಮಾತು ಕೇಳುತ್ತಾನೆ: "ಭಾವ, ಪೆಟ್ಟಿಗೆ ಹಾಡ್ತಿತ್ತಾ ಆಗ?"

ಚಾಲಕ ವೈರಕ್ಕನ ಕಡೆ ನೋಡುತ್ತಾನೆ. ಬೆಳಿಗ್ಗೆಯಿಂದ ಬಾಕಿಯಿದ್ದ ಉತ್ತರ ಅದು; ಬೆಂಕಿ ಪೆಟ್ಟಿಗೆಯದಾಗಿದ್ದರೆ ಮೊದಲು ನಿಲ್ಲಬೇಕಿದ್ದದ್ದು ಹಾಡು. "ಹಾಡ್ತಿತ್ತು. ನಾವು ಇಳಿದು ಓಡಿದ ಮೇಲೂ ಹಾಡ್ತಾನೇ ಇತ್ತು ಕಣೋ."

ಮೂವರೂ ಹೋದ ಮೇಲೆ ವೈರಕ್ಕ ಗೋಣಿತಟ್ಟು ಕೊಡವಿ ಮಡಿಚುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಬೆನ್ನು ನೀವಿಕೊಳ್ಳುತ್ತಾ ಸುಸ್ತಾಗಿ ನಗುತ್ತಾರೆ. "ಫ್ಯೂಸು ಒಂದು ಸಲ ಹೋದಾಗಲೇ ಒಬ್ಬರಾದ್ರೂ ಬಂದು, ಯಾಕೆ ಹೋಯ್ತು ಅಂತ ಕೇಳ್ಬೇಕು. ಅಷ್ಟೇ. ಅವತ್ತು ನನ್ನ ಅಕ್ಕ ಬಾಗಿಲಲ್ಲಿ ಮೂಸಿ ನೋಡಿದ್ರೆ ಬರೀ ಸೋಪಿನ ವಾಸನೆ ಬರುತ್ತೆ."